ಎರಡು ಪ್ರಶ್ನೆ, ಎರಡು ಹೆಬ್ಬೆಟ್ಟು

ಚೌಕದಲ್ಲಿರುವ ಕಲ್ಲನ್ನು ಬದಲಾಯಿಸುತ್ತಾರೆ ಎಂದು ಪುರಸಭೆಯವರು ಅಂಟಿಸಿದ ನೋಟೀಸನ್ನು ನಾನೇ ನಿಂತು ಓದಿದೆ. ಯುದ್ಧದಲ್ಲಿ ಸತ್ತ ನಮ್ಮೂರಿನ ಹದಿನೇಳು ಮಂದಿಯ ಹೆಸರು ಆ ಕಲ್ಲಿನ ಮೇಲಿದೆ. ಅಕ್ಷರ ಸವೆದು ಕೆಲವು ಹೆಸರುಗಳು ಬೆರಳಾಡಿಸಿ ನೋಡಿದರೆ ಮಾತ್ರ ತಿಳಿಯುತ್ತವೆ. ಹೊಸ ಕಲ್ಲಿಗೆ ಹಳೆಯ ಹೆಸರುಗಳು ತಾವಾಗಿ ಬರುವುದಿಲ್ಲ. ಮನೆಯವರು ಯಾರಾದರೂ ಸೇನೆಯ ದಾಖಲೆಯ ನಕಲು ತಂದು ತಿಂಗಳ ಕೊನೆಯೊಳಗೆ ಕೊಡಬೇಕು, ಕೊಡದಿದ್ದರೆ ಆ ಹೆಸರನ್ನು ಕೈಬಿಡಲಾಗುವುದು ಎಂದು ಬರೆದಿತ್ತು.

ಹನ್ನೆರಡನೆಯ ಹೆಸರು ನನ್ನ ಅಣ್ಣನದು. ಮನೆಯವರೆಂದು ಉಳಿದಿರುವುದು ನಾನೊಬ್ಬಳೇ.

ಪುರಸಭೆಯ ಗುಮಾಸ್ತನ ಹತ್ತಿರ ಹೋಗಿ, ಇನ್ನು ಹತ್ತು ದಿನ ಹೆಚ್ಚು ಕೊಡಲು ಆಗುತ್ತದೆಯೇ ಎಂದು ಕೇಳಿದೆ.

"ಅಜ್ಜಿ, ನಿಮ್ಮಣ್ಣ ಹೋಗಿ ಅರವತ್ತೊಂದು ವರ್ಷ ಆಯ್ತು. ಈಗ ಹತ್ತು ದಿನ ಸಾಲಲ್ಲ ಅಂತೀರಲ್ಲ" ಎಂದ ಅವನು.

"ನಾನು ಓದೋದು ನಿಧಾನ ಕಣಪ್ಪ."

"ನೀವು ಓದೋದೇನೂ ಬೇಡ. ಮೊಹರು ಇರೋ ಒಂದು ಹಾಳೆ ತಂದ್ಕೊಡಿ, ಸಾಕು."

ಆ ಒಂದು ಹಾಳೆಗಾಗಿ ನಾನು ದೊಡ್ಡ ಊರಿನ ಬಸ್ಸು ಹತ್ತಿದೆ.

ನಮ್ಮದು ಬಟ್ಟೆ ಒಗೆಯುವ ಅಂಗಡಿಯಾಗಿತ್ತು. ಮುಂದುಗಡೆ ಇಸ್ತ್ರಿಯ ಮೇಜು, ಹಿಂದುಗಡೆ ಕುದಿಯುವ ಹಂಡೆಗಳು, ಮಹಡಿಯ ಮೇಲೆ ಒಣಹಾಕುವ ಹಗ್ಗಗಳು. ನಲವತ್ತು ಮನೆಯ ಬಟ್ಟೆ ಒಂದೇ ಹಂಡೆಗೆ ಬಿದ್ದ ಮೇಲೆ ಯಾರದು ಯಾವುದು ಎಂದು ತಿಳಿಯಬೇಕಲ್ಲ, ಅದಕ್ಕೆ ಅಪ್ಪ ಒಂದೊಂದು ಮನೆಗೂ ಒಂದೊಂದು ಗುರುತು ಇಟ್ಟಿದ್ದ. ಕುತ್ತಿಗೆ ಪಟ್ಟಿಯ ಒಳಬದಿಯಲ್ಲಿ ಕೆಂಪು ದಾರದ ನಾಲ್ಕಾರು ಹೊಲಿಗೆ, ಅಷ್ಟೆ. ಡಾಕ್ಟರ ಮನೆಗೆ ಎರಡು ಅಡ್ಡಗೆರೆ, ಮೇಷ್ಟ್ರ ಮನೆಗೆ ಪುಟ್ಟ ಏಣಿ, ಬೇಕರಿಯ ಮನೆಗೆ ಒಂದು ಕೊಕ್ಕೆ, ಅದರ ಮೇಲೆ ಮೂರು ಚುಕ್ಕೆ. ಬೇರೆ ಅಂಗಡಿಯ ಬಟ್ಟೆಯ ಜೊತೆ ಬೆರೆಯದಿರಲಿ ಎಂದು ಎಲ್ಲ ಗುರುತಿನ ಕೆಳಗೂ ಒಂದು ಓರೆಗೆರೆ. ಆ ಓರೆಗೆರೆ ನಮ್ಮ ಅಂಗಡಿಯದು.

ನನಗೆ ಆಗ ಹತ್ತು ವರ್ಷ. ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ; ಗುರುತು ಹೊಲಿಯುವುದು ನನ್ನ ಪಾಲಿನ ಕೆಲಸ. ಐವತ್ತೆಂಟು ತುಂಬಿದ ಮೇಲೆ ರಾತ್ರಿ ಶಾಲೆಗೆ ಸೇರಿದಾಗ, ಇಷ್ಟು ಬೇಗ ಅಕ್ಷರ ಹೇಗೆ ಹಿಡಿದಿರಿ ಎಂದು ಟೀಚರು ಕೇಳಿದ್ದರು. ನಲವತ್ತು ಮನೆಯ ಗುರುತು ಬಾಯಿಪಾಠ ಇದ್ದವಳಿಗೆ ಇನ್ನೊಂದು ಐವತ್ತು ಹೆಚ್ಚೇನಲ್ಲ.

ನಮ್ಮ ಮನೆಯವರ ಬಟ್ಟೆಗೆ ಮಾತ್ರ ಗುರುತು ಇರುತ್ತಿರಲಿಲ್ಲ. ಹಂಡೆಯಿಂದ ತೆಗೆದು ಹಿಂಡುವಾಗ ಯಾವುದಕ್ಕೆ ಗುರುತಿಲ್ಲವೋ ಅದು ನಮ್ಮದು.

ನಮ್ಮ ಬೀದಿಯಿಂದ ಇಬ್ಬರು ಒಂದೇ ದಿನ ಸೇನೆಗೆ ಸೇರಿದರು. ಒಬ್ಬ ನಮ್ಮಣ್ಣ. ಸೈಕಲ್ಲಿನ ಹಿಂದೆ ಬಟ್ಟೆಗಂಟು ಕಟ್ಟಿಕೊಂಡು ಮನೆಮನೆಗೆ ಹೋಗುತ್ತಿದ್ದ, ಆದ್ದರಿಂದ ಎಲ್ಲರ ಬಾಯಲ್ಲೂ ಅವನು ಗಂಟು. ಇನ್ನೊಬ್ಬ ಬೇಕರಿಯವರ ಮಗ. ಕೆನ್ನೆ ಊದಿಕೊಂಡಿದ್ದರಿಂದ ಅವನು ಬನ್ನು. ಇಬ್ಬರಿಗೂ ಹತ್ತೊಂಬತ್ತು, ಇಬ್ಬರೂ ಒಂದೇ ದಳದಲ್ಲಿ. "ಗಂಟಿಗೂ ಬನ್ನಿಗೂ ಬಂದೂಕು ಕೊಟ್ರೆ ಶತ್ರುಗಳು ನಕ್ಕೂ ನಕ್ಕೂ ಸಾಯ್ತಾರೆ" ಎಂದು ಡಾಕ್ಟರು ಹೇಳಿ ಬೀದಿಯವರನ್ನೆಲ್ಲ ನಗಿಸಿದ್ದರು.

ಮುಂದಿನ ಚಳಿಗಾಲ ಮುಗಿಯುವ ಹೊತ್ತಿಗೆ ಅಣ್ಣ ಒಂದು ಸೇತುವೆಯ ಕಾಳಗದಲ್ಲಿ ಸತ್ತನೆಂದು ಕಾಗದ ಬಂತು. ಮೂರು ದಿನ ಕಳೆದು ಬೇಕರಿಯ ಮನೆಗೂ ಒಂದು ಕಾಗದ ಬಂತು. ಅದೇ ಕಾಳಗದಲ್ಲಿ ಬನ್ನು ತನ್ನ ಜಾಗ ಬಿಟ್ಟು ಓಡಿಹೋದನೆಂದು ಅದರಲ್ಲಿತ್ತು. ಅಂದಿನಿಂದ ನಮ್ಮ ಮನೆಗೆ ಬಂದವರು ಚಪ್ಪಲಿ ಹೊರಗೆ ಬಿಟ್ಟು ಮೆಲ್ಲಗೆ ಮಾತಾಡಿದರು. ಬೇಕರಿಯ ಗಾಜಿಗೆ ಕಲ್ಲು ಬಿತ್ತು. ಅವರ ಬ್ರೆಡ್ಡು ಕಪಾಟಿನಲ್ಲೇ ಗಟ್ಟಿಯಾಯಿತು. ವರ್ಷ ತುಂಬುವುದರೊಳಗೆ ಬಾಗಿಲು ಮುಚ್ಚಿತು. ನನಗೆ ಮುಂದೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿದ್ದೂ ಸತ್ತ ಸೈನಿಕನ ತಂಗಿ ಎಂದೇ. ಕಲ್ಲಿನ ಮುಂದೆ ವರ್ಷಕ್ಕೊಮ್ಮೆ ಸಭೆ ಸೇರಿದಾಗ ನನಗೆ ಮೊದಲ ಸಾಲಿನಲ್ಲಿ ಕುರ್ಚಿ.

ದಾಖಲೆಯ ಕಚೇರಿ ಒಂದು ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಕಬ್ಬಿಣದ ಕಪಾಟುಗಳು, ಅವುಗಳ ನಡುವೆ ಒಬ್ಬರೇ ಹೋಗುವಷ್ಟು ಸಂದಿ, ತೇವದ ವಾಸನೆ. ಕಡತ ನೋಡಿಕೊಳ್ಳುವ ಹೆಂಗಸು ಕನ್ನಡಕವನ್ನು ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟಿದ್ದಳು. ನನ್ನ ಚೀಟಿ ನೋಡಿ ಒಳಗೆ ಹೋದವಳು ತೆಳ್ಳಗಿನ ಒಂದು ಕಡತ ತಂದಳು.

"ನೀವೇ ಓದ್ತೀರಾ, ಇಲ್ಲ ನಾನು ಓದಿ ಹೇಳ್ಲಾ?"

"ನಾನೇ ಓದ್ತೀನಮ್ಮ. ನಿಧಾನ ಆಗತ್ತೆ."

"ಆಗ್ಲಿ ಬಿಡಿ. ಇಲ್ಲಿರೋರಿಗೆ ಯಾರಿಗೂ ಅವಸರ ಇಲ್ಲ" ಎಂದು ಕಪಾಟುಗಳ ಕಡೆ ಕೈ ತೋರಿಸಿದಳು. "ಪುರಸಭೆಗೆ ಬೇಕಾಗಿರೋದು ಕೊನೇ ಹಾಳೆ ಮಾತ್ರ. ಅದರಲ್ಲಿ ಮೊಹರು ಇದೆ. ಅದಕ್ಕೊಂದು ನಕಲು ತೆಗೆದು ಕೊಟ್ಬಿಡ್ಲಾ?"

"ಕೊಡಿ. ಆದ್ರೆ ಎಲ್ಲಾನೂ ಒಂದ್ಸಲ ಓದ್ತೀನಿ. ಇಷ್ಟು ದೂರ ಬಂದಿದ್ದೀನಲ್ಲ."

ನಾಲ್ಕು ಹಾಳೆ. ಮೊದಲನೆಯದು ಅಣ್ಣ ಸೇನೆಗೆ ಸೇರಿದಾಗಿನದು. ವಯಸ್ಸು, ತೂಕ, ತಂದೆಯ ಕಸುಬು. ಕೆಳಗೆ ಅಣ್ಣನ ಸಹಿ, ಕೊನೆಯಲ್ಲಿ ಒಂದು ಬಾಲ ಎಳೆದಿದ್ದ. ನನ್ನ ಬೆರಳು ಅದರ ಮೇಲೆ ಸ್ವಲ್ಪ ಹೊತ್ತು ನಿಂತಿತು.

ಎರಡನೆಯದು ದೇಹ ಸಿಕ್ಕಿದ್ದರ ವರದಿ. ಕೈಬರಹ, ಅದೂ ವಾಲಿದ ಅಕ್ಷರ. ಬೆರಳಿಟ್ಟು ಒಂದೊಂದೇ ಪದ ಬಿಡಿಸಿದೆ. ಕಾಳಗ ಮುಗಿದ ಹನ್ನೊಂದನೆಯ ದಿನ ಸೇತುವೆಯ ಕೆಳಗೆ ಒಂದು ದೇಹ ಸಿಕ್ಕಿತು. ಮುಖ ಗುರುತಿಸುವಂತಿಲ್ಲ. ಕುತ್ತಿಗೆಯಲ್ಲಿ ಇರಬೇಕಾದ ಹೆಸರಿನ ಬಿಲ್ಲೆ ಇಲ್ಲ. ಸಮವಸ್ತ್ರದ ಒಳಗೆ ಮನೆಯಿಂದ ತಂದ ಉಣ್ಣೆಯ ಬನಿಯನ್ನು. ಅದರ ಕುತ್ತಿಗೆ ಪಟ್ಟಿಯ ಒಳಗೆ ಕೆಂಪು ದಾರದ ಗುರುತು ಇದೆ.

'ಗುರುತು ಇದೆ' ಎಂಬುದನ್ನು ಎರಡು ಸಲ ಓದಿದೆ. ನಾನೇ ತಪ್ಪು ಓದಿದೆ ಎಂದುಕೊಂಡೆ. ಆ ಹೆಂಗಸನ್ನು ಕರೆದು, "ಇಲ್ಲಿ ಏನಂತ ಇದೆ ನೋಡಮ್ಮ" ಎಂದೆ.

ಅವಳು ಕನ್ನಡಕ ಏರಿಸಿದಳು. "ಕೆಂಪು ದಾರದ ಗುರುತು ಇದೆ. ಗುರುತಿನ ಚಿತ್ರ ಮೂರನೇ ಹಾಳೇಲಿ ಲಗತ್ತಿಸಿದೆ ಅಂತ ಬರೆದಿದ್ದಾರೆ. ಯಾಕೆ?"

"ನಮ್ಮ ಬಟ್ಟೆಗೆ ನಾವು ಗುರುತು ಹಾಕಲ್ಲ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ. ಮುಂದಿನ ಸಾಲಿಗೆ ಹೋದೆ. ಎರಡೂ ಮುಂಗೈಗಳ ಮೇಲೆ ಅಡ್ಡಡ್ಡಲಾಗಿ, ಒಂದರ ಕೆಳಗೊಂದು, ಹಳೆಯ ಸುಟ್ಟ ಕಲೆಗಳು. ಅದರ ಮುಂದೆ ಬೇರೆ ಶಾಯಿಯಲ್ಲಿ ಯಾರೋ ಸೇರಿಸಿದ್ದರು: ಇಸ್ತ್ರಿ ಕೆಲಸದಿಂದ ಆಗಿರಬಹುದು.

ಅಣ್ಣ ಇಸ್ತ್ರಿಪೆಟ್ಟಿಗೆ ಮುಟ್ಟಿದವನೇ ಅಲ್ಲ. ಒಮ್ಮೆ ಡಾಕ್ಟರ ಪ್ಯಾಂಟು ಸುಟ್ಟಿದ್ದಕ್ಕೆ ಅಪ್ಪ ಅವನನ್ನು ಮೇಜಿನ ಹತ್ತಿರ ಬರಗೊಡುತ್ತಿರಲಿಲ್ಲ. ಅವನ ಕೈ ನನ್ನ ಕೈಗಿಂತ ನುಣುಪಾಗಿತ್ತು. ಆದರೆ ಅಂಥ ಅಡ್ಡಗೆರೆಗಳಿದ್ದ ಕೈಯನ್ನು ನಾನು ಪ್ರತಿದಿನ ಬೆಳಗ್ಗೆ ಕಂಡಿದ್ದೆ. ಒಲೆಯ ಕಬ್ಬಿಣದ ಬಾಯೊಳಗೆ ತಟ್ಟೆ ತಳ್ಳಿ ಎಳೆಯುವವರ ಮುಂಗೈಗೆ ಅದರ ಅಂಚು ತಗಲುತ್ತಲೇ ಇರುತ್ತದೆ. ಕಾಗದದಲ್ಲಿ ಬ್ರೆಡ್ಡು ಸುತ್ತಿ ಕೊಡುತ್ತಿದ್ದ ಬನ್ನುವಿನ ಕೈ ಅದು. "ಒಂದೊಂದು ಗೆರೆಗೆ ಒಂದೊಂದು ಸಾವಿರ ಬ್ರೆಡ್ಡು, ಎಣಿಸ್ಕೋ" ಎನ್ನುತ್ತಿದ್ದ.

ಮೂರನೆಯ ಹಾಳೆಯನ್ನು ಆ ಹೆಂಗಸೇ ತಿರುಗಿಸಿದಳು.

ಅಲ್ಲಿ ಚಿತ್ರವಿತ್ತು. ಒಂದು ಕೊಕ್ಕೆ, ಅದರ ಮೇಲೆ ಮೂರು ಚುಕ್ಕೆ, ಕೆಳಗೆ ಓರೆಗೆರೆ. ನಾನೇ ಹೊಲಿದದ್ದು. ಮೂರನೆಯ ಚುಕ್ಕೆ ಯಾವಾಗಲೂ ಸ್ವಲ್ಪ ಕೆಳಕ್ಕೆ ಬೀಳುತ್ತಿತ್ತು, ಅದಕ್ಕೆ ಅಪ್ಪ ಬೈಯುತ್ತಿದ್ದ. ಚಿತ್ರ ಬರೆದವನು ಅದನ್ನೂ ಬಿಡದೆ ಹಾಗೇ ಬರೆದಿದ್ದ.

ಚಿತ್ರದ ಕೆಳಗೆ ಸೇನೆಯವರು ನಮ್ಮ ಅಂಗಡಿಗೆ ಕಳಿಸಿದ್ದ ಪ್ರಶ್ನೆಗಳು. ಒಂದು: ಈ ಗುರುತು ನಿಮ್ಮ ಅಂಗಡಿಯದೇ? ಹೌದು. ಪಕ್ಕದಲ್ಲಿ ಒಂದು ಹೆಬ್ಬೆಟ್ಟು. ಎರಡು: ನಿಮ್ಮ ಮಗ ಈ ದಳದಲ್ಲಿದ್ದನೇ? ಹೌದು. ಇನ್ನೊಂದು ಹೆಬ್ಬೆಟ್ಟು. 'ಹೌದು' ಎಂದು ಬರೆದದ್ದು ಅಂಚೆಯವನ ಅಕ್ಷರ ಇರಬೇಕು. ಹೆಬ್ಬೆಟ್ಟು ಅಪ್ಪನದೇ, ನಡುವೆ ಕತ್ತರಿ ತಾಗಿದ ಹಳೆಯ ಗಾಯದ ಬಿಳಿ ಗೆರೆ ಇತ್ತು.

ಯಾರ ಮನೆಯ ಗುರುತು ಎಂದು ಅವರು ಕೇಳಿರಲಿಲ್ಲ. ಒಗೆಯುವವರ ಗುರುತೆಂದರೆ ಒಗೆಯುವವರ ಬಟ್ಟೆ ಎಂದು ಭಾವಿಸಿದ್ದರು. ಬಟ್ಟೆ ಒಗೆಯದವರಿಗೆ ಅಷ್ಟೇ ಹೊಳೆಯುವುದು. ಆದರೆ ಅಪ್ಪನಿಗೆ? ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನಲವತ್ತು ಗುರುತನ್ನೂ ಹೇಳುತ್ತಿದ್ದ ಅಪ್ಪ?

ಅಂಚೆಯವನು ನಮ್ಮ ಇಸ್ತ್ರಿ ಮೇಜಿನ ಮೇಲೆ ಕಾಗದ ಹರಡಿ ಓದಿದ ಮಧ್ಯಾಹ್ನ ನನಗೆ ನೆನಪಿತ್ತು. ಅದು ತೆರಿಗೆಯ ಕಾಗದ ಎಂದು ಅಪ್ಪ ಅಮ್ಮನಿಗೆ ಹೇಳಿದ್ದ. ಆ ಸಂಜೆ ನನ್ನನ್ನು ಕರೆದು, "ಬೇಕರಿ ಮನೆಗೆ ಹಳೇ ಗುರುತು ಬೇಡ. ಇನ್ಮೇಲೆ ಬರೀ ಒಂದು ಚೌಕ ಹಾಕು" ಎಂದ. ಯಾಕೆ ಎಂದು ಕೇಳಿದ್ದಕ್ಕೆ, ನಿನ್ನ ಚುಕ್ಕೆ ನೆಟ್ಟಗೆ ಬರಲ್ಲವಲ್ಲ ಎಂದು ನಕ್ಕ. ಸಾವಿನ ಕಾಗದ ಬಂದಾಗ ಅಮ್ಮ ನೆಲಕ್ಕೆ ಬಿದ್ದು ಹೊರಳಿದಳು, ಅಪ್ಪ ಅಳಲಿಲ್ಲ. ಗಂಡಸಿನ ದುಃಖ ಹಾಗೆ ಎಂದು ನಾವೆಲ್ಲ ತಿಳಿದೆವು. ಬೇಕರಿಯ ಮನೆಯ ಬಟ್ಟೆಯನ್ನು ಆಮೇಲೆ ಅಪ್ಪ ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಬೀದಿಯವರು ಬೈದರೂ ಬಿಡದೆ, ಅವರು ಮನೆ ಖಾಲಿ ಮಾಡುವವರೆಗೂ ತಾನೇ ಒಗೆದ.

"ಅಜ್ಜಿ, ನೀರು ತರ್ಲಾ?" ಎಂದಳು ಆ ಹೆಂಗಸು. ನನ್ನ ಮುಖ ಹೇಗಾಗಿತ್ತೋ.

ನೀರು ಕುಡಿದ ಮೇಲೆ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ನಾಲ್ಕನೆಯ ಹಾಳೆಯನ್ನು, ಅಣ್ಣ ಸತ್ತನೆಂದು ಮೊಹರು ಒತ್ತಿದ್ದನ್ನು, ನೋಡುತ್ತಾ ಕೂತಳು.

"ಹಾಗಾದ್ರೆ ಸಿಕ್ಕಿದ್ದು ಬೇಕರಿಯವರ ಮಗ. ನಿಮ್ಮಣ್ಣ ಸಿಕ್ಕೇ ಇಲ್ಲ."

"ಸಿಕ್ಕೇ ಇಲ್ಲ" ಎಂದೆ. ಹತ್ತಿರದಲ್ಲೇ ಎಲ್ಲೋ ಸತ್ತು ಸಿಕ್ಕದೆ ಉಳಿದನೋ, ಓಡಿಹೋದನೋ. ಓಡಿಹೋದವನ ಸುದ್ದಿ ಅಪ್ಪನಿಗೆ ಮೊದಲೇ ಮುಟ್ಟಿತ್ತೋ, ಹುಡುಕುವವರ ಕೈಯಿಂದ ಮಗನನ್ನು ತಪ್ಪಿಸಲು ಅವನನ್ನು ಸತ್ತವನನ್ನಾಗಿ ಮಾಡಿದನೋ. ಅಥವಾ ಕಲ್ಲು ನಮ್ಮ ಗಾಜಿಗೆ ಬೀಳದಿರಲಿ ಎಂದಷ್ಟೇ ಒತ್ತಿದನೋ. ಕೇಳೋಣವೆಂದರೆ ಅಪ್ಪ ಹೋಗಿ ನಲವತ್ತು ವರ್ಷ.

"ನೋಡಿ, ಎರಡು ದಾರಿ ಇದೆ" ಎಂದಳು ಅವಳು, ದನಿ ತಗ್ಗಿಸಿ. "ಕೊನೇ ಹಾಳೆ ನಕಲು ತಗೊಂಡು ಹೋದ್ರೆ ಅಣ್ಣನ ಹೆಸರು ಕಲ್ಲಿನ ಮೇಲೆ ಉಳಿಯತ್ತೆ. ಯಾರೂ ಏನೂ ಕೇಳಲ್ಲ. ಇಲ್ಲಾಂದ್ರೆ ತಿದ್ದುಪಡಿ ಅರ್ಜಿ. ಅದಕ್ಕೆ ಎರಡೂ ಮನೆಯವರ ಸಹಿ ಬೇಕು."

ನಾನು ನಾಲ್ಕೂ ಹಾಳೆಯ ನಕಲು ಕೇಳಿದೆ. ಅರ್ಜಿಯ ಹಾಳೆಯನ್ನೂ.

ಬನ್ನುವಿನ ತಂಗಿ ನನಗಿಂತ ನಾಲ್ಕು ವರ್ಷ ದೊಡ್ಡವಳು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಬಾಗಿಲಿನಷ್ಟು ಅಗಲದ ಬ್ರೆಡ್ಡಿನ ಅಂಗಡಿ ಇಟ್ಟಿದ್ದಾಳೆ. ಊರಿಗೆಲ್ಲ ಅವಳು ಬೇಕರಿ ಅಕ್ಕ. ಮದುವೆಯ ಮಾತು ಮೂರು ಸಲ ಬಂದು, ಮೂರು ಸಲವೂ ಅಣ್ಣನ ಸುದ್ದಿ ಕಿವಿಗೆ ಬಿದ್ದು ನಿಂತುಹೋಗಿತ್ತು. ಚೌಕದ ಕಡೆಯಿಂದ ಅವಳು ನಡೆದದ್ದನ್ನು ನಾನು ಕಂಡಿಲ್ಲ. ಸುತ್ತು ಬಳಸಿ ಹೋಗುತ್ತಾಳೆ.

ಮರುದಿನ ಬೆಳಗ್ಗೆ ಹೋದಾಗ ಬ್ರೆಡ್ಡು ಕೊಯ್ಯುತ್ತಿದ್ದಳು.

"ಏನೇ ಇಸ್ತ್ರಿ, ಅರ್ಧ ಬ್ರೆಡ್ಡಿಗೆ ಇಷ್ಟು ಬೆಳಗ್ಗೆ ಬಂದಿದ್ದೀಯಾ? ಒಂದಿನ ಪೂರ್ತಿ ತಗೊಂಡು ಹೋಗೇ, ನಾನೂ ಸಾಹುಕಾರ್ತಿ ಆಗ್ತೀನಿ."

"ಅಕ್ಕಾ, ಸ್ವಲ್ಪ ಕೂತ್ಕೋ."

"ನಿಂತೇ ಎಪ್ಪತ್ತೈದಾಯ್ತು. ಹೇಳು."

ಎರಡನೆಯ ಮತ್ತು ಮೂರನೆಯ ಹಾಳೆಯನ್ನು ಮುಂದಿಟ್ಟೆ. ಅವಳು ಶಾಲೆ ಕಲಿತವಳು, ನನ್ನ ಹಾಗೆ ಬೆರಳಿಡಬೇಕಾಗಿಲ್ಲ. ನಗುತ್ತಲೇ ಓದಲು ಶುರುಮಾಡಿದಳು. ಮುಂಗೈಯ ಸಾಲು ಬಂದಾಗ ಅವಳ ಕಣ್ಣು ಅಲ್ಲೇ ನಿಂತಿತು. ತನ್ನ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ ಮುಂಗೈ ನೋಡಿಕೊಂಡಳು. ಅಲ್ಲೂ ಅವೇ ಗೆರೆಗಳು.

"ಇದು ಯಾರ ಕಾಗದ?"

"ನಮ್ಮಣ್ಣ ಅಂತ ಬರೆದಿದ್ದಾರೆ. ಕೊಕ್ಕೆ ಮೇಲೆ ಮೂರು ಚುಕ್ಕೆ ನಿಮ್ಮ ಮನೆ ಗುರುತು ಅಕ್ಕ. ನಾನೇ ಹೊಲೀತಿದ್ದೆ. ನಮ್ಮ ಬಟ್ಟೆಗೆ ಗುರುತೇ ಇರ್ತಿರ್ಲಿಲ್ಲ."

ಅವಳು ಕೂತಳು. ಕೈಯಲ್ಲಿದ್ದ ಚಾಕು ಬ್ರೆಡ್ಡಿನೊಳಗೆ ಅರ್ಧ ಇಳಿದು ಹಾಗೇ ನಿಂತಿತ್ತು. ಗಿರಾಕಿಯೊಬ್ಬ ಬಂದು ಎರಡು ಸಲ ಕೂಗಿ ಹೊರಟುಹೋದ.

"ಓಡಿಹೋಗ್ಲಿಲ್ಲ" ಎಂದಳು. ಹಾಳೆಯ ಮೇಲೆ ಬೆರಳಿಟ್ಟು ಮತ್ತೆ, "ಅಲ್ಲೇ ಇದ್ದ. ಸೇತುವೆ ಕೆಳಗೇ ಇದ್ದ."

"ಹೂಂ."

"ನಮ್ಮಮ್ಮ ಸಾಯೋವರೆಗೂ ಬಾಗಿಲಿಗೆ ಚಿಲಕ ಹಾಕಗೊಡಲಿಲ್ಲ ಗೊತ್ತಾ? ಕದ್ದು ಬರ್ತಾನೆ, ತಟ್ಟೋಕೆ ಹೆದರ್ತಾನೆ ಅಂತ. ನಾನು ಅವನನ್ನ ಶಪಿಸ್ತಿದ್ದೆ. ಎಲ್ಲೋ ಹೆಂಡ್ತಿ ಮಕ್ಕಳು ಮಾಡ್ಕೊಂಡು ಸುಖವಾಗಿದ್ದಾನೆ, ನಾವಿಲ್ಲಿ ಕಲ್ಲು ತಿಂತಿದ್ದೀವಿ ಅಂತ ದಿನಾ ಶಪಿಸ್ತಿದ್ದೆ."

ಬ್ರೆಡ್ಡಿನೊಳಗೆ ನಿಂತಿದ್ದ ಚಾಕುವನ್ನು ನಾನು ಎಳೆದು ಪಕ್ಕಕ್ಕಿಟ್ಟೆ.

ಅವಳ ಕಣ್ಣು ಹೆಬ್ಬೆಟ್ಟುಗಳ ಮೇಲೆ ಬಿತ್ತು. "ಇದು ನಿಮ್ಮಪ್ಪಂದು."

"ಹೌದು."

"ಅವನಿಗೆ ಗೊತ್ತಿತ್ತಾ?"

ದಾರಿಯುದ್ದಕ್ಕೂ ನಾನು ಹೆದರಿದ್ದು ಈ ಪ್ರಶ್ನೆಗೆ. ಅಂಚೆಯವನು ಚಿತ್ರ ತೋರಿಸಿರಲಿಲ್ಲ ಎನ್ನಬಹುದಿತ್ತು. ಅಪ್ಪನ ಕಣ್ಣು ಮಂಜಾಗಿತ್ತು ಎನ್ನಬಹುದಿತ್ತು. ಯಾರು ಬಂದು ಅಲ್ಲ ಎನ್ನುತ್ತಿದ್ದರು?

"ಗೊತ್ತಿತ್ತು" ಎಂದೆ. "ಅವತ್ತೇ ಸಂಜೆ ನಿಮ್ಮನೆ ಗುರುತು ಬದಲಾಯಿಸಿದ."

ಅವಳು ಹಾಳೆಗಳನ್ನು ಒಟ್ಟು ಮಾಡಿ, ಅಂಚು ಸರಿಮಾಡಿ, ನನ್ನ ಕಡೆ ತಳ್ಳಿದಳು.

"ಈಗ ಹೋಗು."

"ಅಕ್ಕಾ, ಅರ್ಜಿಗೆ ನಿನ್ನ ಸಹಿ..."

"ಹೋಗು ಅಂದ್ನಲ್ಲ."

ಮೂರು ದಿನ ಅಂಗಡಿ ತೆರೆಯಲಿಲ್ಲ. ನಾನು ದಿನಾ ಓಣಿಯವರೆಗೆ ಹೋಗಿ ಮುಚ್ಚಿದ ಬಾಗಿಲು ನೋಡಿ ಬಂದೆ. ನಾಲ್ಕನೆಯ ದಿನ ಅವಳೇ ನಮ್ಮ ಮನೆಯ ಮುಂದೆ ನಿಂತಿದ್ದಳು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೈಯಲ್ಲಿ ಪೆನ್ನು ಹಿಡಿದು. "ನಡಿ" ಎಂದಳು. ಒಳಗೆ ಬರಲಿಲ್ಲ. ಚೌಕದ ಮೂಲಕವೇ ಹೋದೆವು. ಕಲ್ಲಿನ ಕಡೆ ಅವಳು ನೋಡಲಿಲ್ಲ, ನಾನೂ ನೋಡಲಾರದೆ ಹೋದೆ.

ಪುರಸಭೆಯ ಗುಮಾಸ್ತ ಅರ್ಜಿ ಓದಿದ. ಮತ್ತೊಮ್ಮೆ ಓದಿದ. ಹಿಂದಿನ ಸಲದ ತಮಾಷೆ ಅವನ ಮುಖದಲ್ಲಿರಲಿಲ್ಲ.

"ಅಜ್ಜಿ, ಸಹಿ ಹಾಕಿದ್ರೆ ಕಲ್ಲಿಗೆ ಇವರಣ್ಣನ ಹೆಸರು ಬಂದು ನಿಮ್ಮಣ್ಣನದು ಹೋಗತ್ತೆ. ಆಮೇಲೆ ಬೇಕು ಅಂದ್ರೂ ಬರಲ್ಲ. ತಿಳೀತಾ?"

"ತಿಳೀತು."

ನನ್ನ ಹೆಸರಿನ ಹನ್ನೊಂದು ಅಕ್ಷರ ನಾನು ಬರೆದು ಮುಗಿಸುವವರೆಗೂ ಇಬ್ಬರೂ ಕಾದರು. ಆಮೇಲೆ ಅಕ್ಕ ಒಂದೇ ಎಳೆತಕ್ಕೆ ಸಹಿ ಹಾಕಿದಳು.

"ಇನ್ನು ಈ ಅಜ್ಜಿಯ ಅಣ್ಣನ ವಿಷಯ" ಎಂದು ಗುಮಾಸ್ತ ಪಟ್ಟಿಯ ಮೇಲೆ ಪೆನ್ಸಿಲು ಇಟ್ಟ. "ಮೊದಲಿಂದ ಒಬ್ಬ ಸತ್ತವನು, ಒಬ್ಬ ಓಡಿಹೋದವನು ಅಂತಿದೆ. ಸತ್ತವರು ಬದಲಾದ್ರೆ, ಓಡಿಹೋದವರ ಜಾಗಕ್ಕೆ..."

"ಯಾರು ನೋಡಿದ್ದು?" ಎಂದಳು ಅಕ್ಕ.

"ಏನಮ್ಮ?"

"ಇವಳಣ್ಣ ಓಡಿದ್ದನ್ನ ಯಾರು ನೋಡಿದ್ದು ಅಂತ ಕೇಳ್ದೆ. ಅರವತ್ತೊಂದು ವರ್ಷ, ಯಾರೂ ನೋಡದ್ದನ್ನ ನಮ್ಮ ಮನೆ ಮೇಲೆ ಬರೆದಿಟ್ರಿ. ಆ ಜಾಗ ಖಾಲಿ ಆಯ್ತು ಅಂತ ಇನ್ನೊಬ್ರ ಮನೆ ಮೇಲೆ ಬರೀತೀಯಾ? ಗೊತ್ತಿಲ್ಲ ಅಂತ ಬರಿ."

"ಗೊತ್ತಿಲ್ಲ ಅನ್ನೋ ಕಾಲಂ ಇಲ್ಲಮ್ಮ. ನಾಪತ್ತೆ ಅಂತ ಇದೆ."

"ಅದನ್ನೇ ಬರಿ."

ಅವನು ಬರೆದ. ಅವಳು ಬಗ್ಗಿ, ಅವನು ಏನು ಬರೆದನೆಂದು ಓದಿ ನೋಡಿಯೇ ಎದ್ದಳು.

ಹೊರಗೆ ಮೆಟ್ಟಿಲ ಮೇಲೆ ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೈ ಹಿಂದೆಗೆದಳು.

"ಅದು ನಿಮ್ಮಣ್ಣನಿಗೋಸ್ಕರ ಹೇಳಿದ್ದು. ಅವನು ಒಳ್ಳೆಯವನು, ಸೈಕಲ್ಲಲ್ಲಿ ಕೂರಿಸ್ಕೊಂಡು ಸುತ್ತಾಡಿಸ್ತಿದ್ದ. ನಿಮ್ಮಪ್ಪನ ವಿಷಯಕ್ಕೆ ನನ್ನ ಹತ್ರ ಬರಬೇಡ. ಬ್ರೆಡ್ಡಿಗೆ ಬಾ" ಎಂದು ಹೇಳಿ, ರಸ್ತೆ ದಾಟಿ ಆಚೆ ಬದಿಯಲ್ಲಿ ಹೋದಳು.

ನಾನು ಮೆಟ್ಟಿಲ ಮೇಲೇ ನಿಂತೆ. ವಾರದ ಹಿಂದಿನವರೆಗೂ ನನ್ನ ಅಣ್ಣನಿಗೆ ಹತ್ತೊಂಬತ್ತು. ನಾನು ಅವನಿಗಿಂತ ದೊಡ್ಡವಳಾಗಿ, ಅವನ ತಾಯಿಯಷ್ಟಾಗಿ, ಅಜ್ಜಿಯಷ್ಟಾಗಿದ್ದೆ. ಈಗ ಒಂದೇ ಸಲಕ್ಕೆ ಅವನಿಗೆ ಎಂಬತ್ತು. ಕೆಳಗೆ ಬಸ್ಸಿನ ಬೆಂಚಿನಲ್ಲಿ ಉದ್ದ ಕಾಲಿನ ಮುದುಕರೊಬ್ಬರು ಕೂತಿದ್ದರು, ಮಡಿಲಲ್ಲಿ ಬಟ್ಟೆಯ ಚೀಲ. ನಾನು ಇಳಿದು ಹತ್ತಿರ ಹೋಗಿ ಅವರ ಹಣೆ, ಕಿವಿ, ಮೂಗು ಒಂದೊಂದನ್ನೇ ಅಕ್ಷರ ಕೂಡಿಸಿದ ಹಾಗೆ ನೋಡುತ್ತಾ ನಿಂತುಬಿಟ್ಟೆ.

"ಏನಮ್ಮಾ, ಯಾರನ್ನ ಹುಡುಕ್ತಿದ್ದೀರಿ?" ಎಂದರು ಅವರು.

ಯಾರನ್ನೂ ಇಲ್ಲ ಎನ್ನಬೇಕಿತ್ತು. ನಾನು ಅವರ ಪಕ್ಕದಲ್ಲೇ ಬೆಂಚಿನ ಮೇಲೆ ಕೂತೆ.